ಮುಂಚೂಣಿಯ ಗಣಿತ: ಮಾಧವರಂನಿಂದ ಒಂದು ನೋಟ

ತುಂಗಭದ್ರೆಯ ದಕ್ಷಿಣಕ್ಕಿರುವ ಮಾಧವರಂ ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಊರು. ಹೊಳೆಯಾಚೆ ಕರ್ನಾಟಕದ ರಾಯಚೂರು ಜಿಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯವನ್ನು ಸೇರಿದವು. ಆಡಳಿತದ ಗಡಿ ಹೀಗೆ ಒಂದೇ ದಿನದಲ್ಲಿ ಬದಲಾಯಿತು. ಮನೆಮಾತಿನ ಗಡಿಯಾದರೋ ತಲೆಮಾರುಗಳ ಲೆಕ್ಕದಲ್ಲಿ ಸರಿಯುತ್ತದೆ. ಕೆಲವೆಡೆ ಸರಿಯದೆ ನಿಲ್ಲುತ್ತದೆ. ಈ ಸರಿಯುವಿಕೆಗೂ ನಿಲುಗಡೆಗೂ ನಿಯಮವುಂಟೇ ಎಂಬ ಪ್ರಶ್ನೆಗೆ, ಜೀವವಿಜ್ಞಾನದಲ್ಲಿ ಹುಟ್ಟಿ ಭಾಷಾಧ್ಯಯನಕ್ಕೆ ಬಂದ ಕೆಲವು ಗಣಿತ ಮಾದರಿಗಳು ಉತ್ತರಿಸಲು ಯತ್ನಿಸಿವೆ.

ನಮ್ಮ ಸೀಮೆಗೆ ಪರಿಚಿತವಾದ ಬಳ್ಳಾರಿ ಜಾಲಿಯಿಂದಲೇ ಆರಂಭಿಸಬಹುದು. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡದ ಕಾಯಿಗಳನ್ನು ಆಡು, ದನಗಳು ತಿನ್ನುತ್ತವೆ. ಅವುಗಳ ಹಿಕ್ಕೆ, ಸಗಣಿಯೊಂದಿಗೆ ಬೀಜ ದೂರ ಸಾಗುತ್ತದೆ. ಬಿದ್ದಲ್ಲಿ ಮೊಳೆತು ಹೆಚ್ಚುತ್ತದೆ. ಇಲ್ಲಿರುವುದು ಎರಡೇ ಕ್ರಿಯೆ: ಚದುರುವುದು ಮತ್ತು ಹೆಚ್ಚುವುದು. ಚದುರುವುದೊಂದೇ ಇದ್ದರೆ ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಕಾಲ ಬೇಕು. ಹರಡುವಿಕೆ ಬರಬರುತ್ತ ಸೊರಗುತ್ತದೆ. ಹೆಚ್ಚುವುದೂ ಕೂಡಿದಾಗ ಹರಡುವಿಕೆಯ ಅಂಚು, ಎಂದರೆ ಮುಂಚೂಣಿ, ಸ್ಥಿರವೇಗದಿಂದ ಸಾಗುತ್ತದೆ. 1937ರಲ್ಲಿ ಇಂಗ್ಲೆಂಡಿನ ಆರ್. ಎ. ಫಿಶರ್ ಒಂದೆಡೆ, ಸೋವಿಯತ್ ಗಣಿತಜ್ಞರಾದ ಕೊಲ್ಮೊಗೊರೊವ್, ಪೆಟ್ರೊವ್‌ಸ್ಕಿ ಮತ್ತು ಪಿಸ್ಕುನೊವ್ ಇನ್ನೊಂದೆಡೆ, ಈ ವೇಗದ ಸೂತ್ರವನ್ನು ಕಂಡುಕೊಂಡರು. ವೃದ್ಧಿದರವನ್ನು ವಿಸರಣ ಗುಣಾಂಕದಿಂದ ಗುಣಿಸಿ, ಬಂದ ಮೊತ್ತದ ವರ್ಗಮೂಲವನ್ನು ಇಮ್ಮಡಿಸಿದರೆ ವೇಗ ದೊರೆಯುತ್ತದೆ. ಉದಾಹರಣೆಗೆ, ವಾರ್ಷಿಕ ವೃದ್ಧಿದರ 0.04, ವಿಸರಣ ಗುಣಾಂಕ ವರ್ಷಕ್ಕೆ 1 ಚದರ ಕಿಲೋಮೀಟರು ಎಂದಿಟ್ಟುಕೊಂಡರೆ, ಮುಂಚೂಣಿ ವರ್ಷಕ್ಕೆ 0.4 ಕಿಲೋಮೀಟರು ಸಾಗುತ್ತದೆ.

1905ರಲ್ಲಿ ಪ್ರಾಗ್ ಬಳಿ ಬಿಟ್ಟ ಕೆಲವೇ ಕಸ್ತೂರಿ ಇಲಿಗಳು ಮಧ್ಯ ಯುರೋಪಿನಲ್ಲಿ ಇಂಥ ಸ್ಥಿರವೇಗದಲ್ಲಿಯೇ ಹರಡಿದ್ದನ್ನು 1951ರಲ್ಲಿ ಜೆ. ಜಿ. ಸ್ಕೆಲ್ಲಮ್ ತೋರಿಸಿದರು. ಯುರೋಪಿನಲ್ಲಿ ಬೇಸಾಯವು ವರ್ಷಕ್ಕೆ ಸರಾಸರಿ ಸುಮಾರು 1 ಕಿಲೋಮೀಟರು ಮುಂದುವರಿಯಿತೆಂದು 1971ರಲ್ಲಿ ಆಮ್ಮರ್‌ಮನ್ ಮತ್ತು ಕವಾಲ್ಲಿ-ಸ್ಫೋರ್ಜಾ ಲೆಕ್ಕಹಾಕಿದರು.

ಫಿಶರ್ ಸೂತ್ರದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮುಂಚೂಣಿಯ ಹಿಂದೆ ಎಷ್ಟು ದಟ್ಟಣೆಯಿದೆ ಎಂಬುದು ಅದರಲ್ಲಿ ಬರುವುದೇ ಇಲ್ಲ. ವೇಗವನ್ನು ನಿರ್ಧರಿಸುವುದು ಅಂಚಿನಲ್ಲಿರುವ ವಿರಳರಾದ ಕೆಲವರು. ಕೋಟ್ಯಂತರ ಜನ ಆಡುವ ಭಾಷೆಯೊಂದರ ಗಡಿ ಎಲ್ಲಿ ನಿಲ್ಲುವುದೆಂಬುದು ಅದರ ರಾಜಧಾನಿಯಲ್ಲಿ ತೀರ್ಮಾನವಾಗದು, ಮಾಧವರಂನಂಥ ಊರುಗಳಲ್ಲಿ ತೀರ್ಮಾನವಾಗುತ್ತದೆ ಎಂಬ ಮಾತಿಗೆ ಇದು ಇಂಬು ಕೊಡುತ್ತದೆ.

ಆದರೆ ಭಾಷೆ ಜಾಲಿಯಲ್ಲ. ಜನ ಒಂದೆಡೆಯಿಂದ ಕದಲದೆಯೂ ಭಾಷೆ ಬದಲಾಗಬಹುದು. 2003ರಲ್ಲಿ ಅಬ್ರಾಮ್ಸ್ ಮತ್ತು ಸ್ಟ್ರೊಗಾಟ್ಸ್ ರೂಪಿಸಿದ ಮಾದರಿಯಲ್ಲಿ ಭಾಷೆಯ ಆಕರ್ಷಣೆಗೆ ಎರಡು ಮೂಲಗಳು: ಅದನ್ನಾಡುವವರ ಪ್ರಮಾಣ ಮತ್ತು ಅದರ ಪ್ರತಿಷ್ಠೆ. ವೇಲ್ಸ್, ಸ್ಕಾಟ್ಲೆಂಡ್, ಪೆರು ಮೊದಲಾದೆಡೆಯ ಅಂಕಿಗಳಿಗೆ ಅದು ಹೊಂದಿತು. ಅದರ ತೀರ್ಪು ಕಠಿಣ. ಎರಡರಲ್ಲಿ ಒಂದು ಭಾಷೆ ಅಳಿಯಲೇಬೇಕು. ಈ ಕಠಿಣತೆಗೆ ಒಂದು ಕಾರಣ, ಅದು ದ್ವಿಭಾಷಿಕರನ್ನು ಲೆಕ್ಕಕ್ಕೆ ಹಿಡಿಯದಿದ್ದುದು. 2005ರಲ್ಲಿ ಮೀರಾ ಮತ್ತು ಪರೇದೆಸ್ ಅವರನ್ನು ಸೇರಿಸಿಕೊಂಡು, ಗಲಿಸಿಯಾದ ಉದಾಹರಣೆಯೊಂದಿಗೆ, ಪರಸ್ಪರ ಹೋಲುವ ಭಾಷೆಗಳು ಸ್ಥಿರವಾಗಿ ಸಹಬಾಳ್ವೆ ನಡೆಸಬಲ್ಲವೆಂದು ತೋರಿಸಿದರು. ಕನ್ನಡ, ತೆಲುಗುಗಳೆರಡನ್ನೂ ಆಡಿಕೊಂಡು ಬಾಳುವ ಆದವಾನಿ ಸೀಮೆಗೆ ಈ ತಿದ್ದುಪಡಿ ಹೆಚ್ಚು ಹೊಂದುತ್ತದೆ.

ಇನ್ನೊಂದು ತಿದ್ದುಪಡಿ ಹೊಸ್ತಿಲಿನದು. ಕೆಲವು ಜೀವಿಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಬೆಳೆಯದು, ಕುಗ್ಗುತ್ತದೆ; ಇದಕ್ಕೆ ಅಲೀ ಪರಿಣಾಮವೆಂದು ಹೆಸರು. ಇಂಥ ಹೊಸ್ತಿಲಿದ್ದಾಗ ಅಂಚಿನ ಒಬ್ಬಿಬ್ಬರು ಮುಂಚೂಣಿಯನ್ನು ಎಳೆದೊಯ್ಯಲಾರರು. ನೆಲೆಗಳು ಬಿಡಿಬಿಡಿಯಾಗಿದ್ದು ಒಂದೊಂದೂ ಗಟ್ಟಿಯಾಗಿದ್ದರೆ ಮುಂಚೂಣಿ ಅಲ್ಲಿಯೇ ತಡೆದು ನಿಲ್ಲುತ್ತದೆ. ಗಡಿಯ ಕನ್ನಡ ಶಾಲೆಯ ಪಾತ್ರವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಅದು ಮಾತಿಗೆ ಓದುಬರಹದ ಪ್ರತಿಷ್ಠೆಯನ್ನು ಕೊಡುತ್ತದೆ. ಊರಿನ ಮಕ್ಕಳನ್ನು ಒಂದೆಡೆ ಕೂಡಿಸಿ ಹೊಸ್ತಿಲಿನ ಮೇಲಿಡುತ್ತದೆ. ಹೊಸ್ತಿಲಿನ ಸಮೀಪದಲ್ಲಿ ಹತ್ತು ಮಕ್ಕಳು ಬಿಟ್ಟುಹೋಗುವುದು ಕೇವಲ ಹತ್ತರ ನಷ್ಟವಲ್ಲ. ಉಳಿದವರನ್ನು ಹಿಡಿದಿದ್ದ ಕಾರಣವೇ ಸಡಿಲಗೊಳ್ಳುತ್ತದೆ. ಅಲ್ಪಸಂಖ್ಯಾತ ಭಾಷಾ ವರ್ಗಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುವ, 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಮಹತ್ವ ಇಲ್ಲಿ ಗಣಿತದಿಂದಲೂ ಸ್ಪಷ್ಟವಾಗುತ್ತದೆ.

ಮಾದರಿಗಳಿಗೆ ಮಿತಿಗಳಿವೆ. ನೆರೆಯಿಂದ ನೆರೆಗೆ ಸರಿಯುವ ಚಲನೆಯನ್ನು ಅವು ಚೆನ್ನಾಗಿ ವಿವರಿಸುತ್ತವೆ. ಇಂಗ್ಲಿಷ್ ಮಾಧ್ಯಮವಾದರೋ ಪಟ್ಟಣಗಳಿಂದ ಹಳ್ಳಿಗಳಿಗೆ ಬಸ್ಸಿನ ದಾರಿ ಹಿಡಿದು ಜಿಗಿಯುತ್ತದೆ. ಜನಗಣತಿಯ ಮಾತೃಭಾಷಾ ಕೋಷ್ಟಕಗಳಲ್ಲಿ ಒಂದೊಂದು ಹಳ್ಳಿಯ ಚಿತ್ರವೂ ದೊರೆಯದು. ದೊಡ್ಡ ಮೊತ್ತದೊಳಗೆ ಅಂಚು ಕರಗಿಹೋಗುತ್ತದೆ. ಆದ್ದರಿಂದ ನಮ್ಮ ಕ್ಷೇತ್ರಕಾರ್ಯ ಕೇಳಬೇಕಾದ ಪ್ರಶ್ನೆ, ಕನ್ನಡಿಗರು ಒಟ್ಟು ಎಷ್ಟು ಎಂಬುದಷ್ಟೇ ಅಲ್ಲ. ಅಜ್ಜಿ ಮೊಮ್ಮಗಳೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾಳೆ, ಮೊಮ್ಮಗಳು ಯಾವ ಭಾಷೆಯಲ್ಲಿ ಉತ್ತರಿಸುತ್ತಾಳೆ ಎಂಬುದನ್ನು ಊರೂರಿಗೆ ಹೋಗಿ ಬರೆದುಕೊಳ್ಳಬೇಕು. ಸೂತ್ರಕ್ಕೆ ಬೇಕಾದ ಅಂಕಿಗಳು ಆ ಉತ್ತರದಲ್ಲಿವೆ.