ಮರುಎನ್‌ಕೋಡಿಂಗ್: 8 ಬಿಟ್ಟೋ, 10 ಬಿಟ್ಟೋ?

ಗೋಕುಳ ಶಿರಗಾಂವ ಎಂಐಡಿಸಿಯ ಫೌಂಡ್ರಿಗಳು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಅಲ್ಲಿ ಎರಕ ಹೊಯ್ಯುವ ವಿಡಿಯೊವನ್ನು ಪಾಠಕ್ಕಾಗಿ ಮರುಎನ್‌ಕೋಡ್ ಮಾಡಿ ಚಿಕ್ಕದು ಮಾಡಬೇಕು ಅಂತ ಇಟ್ಟುಕೊಳ್ರಿ. ಮೂಲದಲ್ಲಿ ಕಾದ ಕಬ್ಬಿಣದ ಬೆಳಕು ಕತ್ತಲೊಳಗೆ ನಯವಾಗಿ ಕರಗುತ್ತದೆ. ಹೊಸ ಫೈಲಿನಲ್ಲಿ ಅದೇ ಜಾಗದಲ್ಲಿ ಪಟ್ಟೆಗಳು ಕಾಣುತ್ತವೆ. ಲೋಹದ ಬಣ್ಣ ನೋಡಿ ಶಾಖ ಅಂದಾಜು ಮಾಡಲು ಕಲಿಯುವವನು ಆ ಪಟ್ಟೆಯ ಅಂಚನ್ನೇ ಶಾಖದ ಗಡಿ ಅಂತ ತಿಳಿದಾನು. ಅದಕ್ಕೇ ಬಿಟ್ ಡೆಪ್ತ್ ಬರೀ ಅಂದಚಂದದ ಪ್ರಶ್ನೆ ಅಲ್ಲ.

ಲೆಕ್ಕ ಸರಳ. 8 ಬಿಟ್ ಅಂದರೆ ಪ್ರತಿ ಚಾನೆಲ್‌ಗೆ 256 ಮೆಟ್ಟಿಲು. 10 ಬಿಟ್ ಅಂದರೆ 1024. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಬೆಳಕು 40ರಿಂದ 20ಕ್ಕೆ ಇಳಿದರೆ ಒಂದೊಂದು ಮೆಟ್ಟಿಲು 96 ಪಿಕ್ಸೆಲ್ ಅಗಲ. ಅದೇ ಇಳಿಜಾರಿಗೆ 10 ಬಿಟ್‌ನಲ್ಲಿ 80 ಮೆಟ್ಟಿಲು, ಒಂದೊಂದು 24 ಪಿಕ್ಸೆಲ್.

"ಮೂಲವೇ 8 ಬಿಟ್ ಇದ್ದಾಗ 10 ಬಿಟ್ ಮಾಡಿ ಏನು ಲಾಭ?" ಅಂತ ಕೇಳಬಹುದು. ಕಳೆದುಹೋದ ವಿವರವನ್ನು ಅದು ಮರಳಿ ತರುವುದಿಲ್ಲ, ನಿಜ. ಆದರೆ ಕ್ಯಾಮೆರಾದ ಸಣ್ಣ ನಾಯ್ಸ್ 8 ಬಿಟ್‌ನಲ್ಲಿಯೂ ಮೆಟ್ಟಿಲುಗಳನ್ನು ಮರೆಮಾಡಿರುತ್ತದೆ. ಎನ್‌ಕೋಡರ್ ಜಾಗ ಉಳಿಸಲು ಮೊದಲು ಒರೆಸುವುದು ಆ ನಾಯ್ಸನ್ನೇ. ಒರೆಸಿದ ಮೇಲೆ ಸರಾಸರಿ 30.5 ಬಂತು ಅನ್ನಿ. 8 ಬಿಟ್‌ನಲ್ಲಿ ಅದು 30 ಅಥವಾ 31 ಆಗಲೇಬೇಕು, ಪಟ್ಟೆ ಹುಟ್ಟುವುದು ಅಲ್ಲೇ. 10 ಬಿಟ್‌ನಲ್ಲಿ 122 ಅಂತ ಸರಿಯಾಗಿ ಕೂಡುತ್ತದೆ. ಕಚ್ಚಾ ವಿಡಿಯೊದಲ್ಲಿ 10 ಬಿಟ್ ಶೇ. 25ರಷ್ಟು ಹೆಚ್ಚು ಜಾಗ ತಿನ್ನುತ್ತದೆ. ಸಂಕುಚಿತ ಫೈಲಿನಲ್ಲಿ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ನಾವು ಕೊಡುವ ಬಿಟ್‌ರೇಟ್.

ಇನ್ನು ಆಡಿಸುವ ಯಂತ್ರದ ಮಾತು. ಎಚ್.264ರ 10 ಬಿಟ್ ಫೈಲನ್ನು ಬಹಳಷ್ಟು ಫೋನು, ಟಿವಿಗಳ ಚಿಪ್ ಬಿಡಿಸುವುದಿಲ್ಲ. ಎಚ್‌ಇವಿಸಿಯಲ್ಲಿ 2013ರ ಮೊದಲ ಆವೃತ್ತಿಯಿಂದಲೇ ಮೇನ್ 10 ಇದೆ, ಬೆಂಬಲವೂ ಹೆಚ್ಚು. ಎವಿ1ರ ಮೇನ್ ಪ್ರೊಫೈಲ್‌ನಲ್ಲಿ 8, 10 ಎರಡೂ ಸೇರಿವೆ.

ಹಾಗಾಗಿ ನನ್ನ ಸಲಹೆ ಇಷ್ಟು: ಮೂಲ ಫೈಲನ್ನು ಅಳಿಸಬೇಡಿ. ಸಂಗ್ರಹದ ಪ್ರತಿಗೆ ಎಚ್‌ಇವಿಸಿ 10 ಬಿಟ್. ಹಳೇ ಫೋನಿಗೂ ಹೋಗುವ ಪ್ರತಿಗೆ ಎಚ್.264 8 ಬಿಟ್. 10ರಿಂದ 8ಕ್ಕೆ ಇಳಿಸುವಾಗ ಡಿದರಿಂಗ್ ಹಾಕಿ, ಬಿಟ್‌ರೇಟ್ ಸ್ವಲ್ಪ ಧಾರಾಳವಾಗಿಡಿ. ಹಂಚುವ ಮುಂಚೆ ಕತ್ತಲೆ ಇರುವ, ಹೊಗೆ ಇರುವ ಹತ್ತು ಸೆಕೆಂಡ್ ಆಯ್ದು, ಕೋಣೆಯ ದೀಪ ಆರಿಸಿ ನೋಡ್ರಿ. ಪಟ್ಟೆ ಇದ್ದರೆ ಅಲ್ಲೇ ಸಿಗುತ್ತದೆ.