ಗುರುಮಠಕಲ್ ಸೀಮೆಯಲ್ಲಿ ಅಕ್ಷರಾರಂಭದ ಮೊದಲನೆಯ ವಾರ

ಮಗುವು ಶಾಲೆಯ ಹೊಸ್ತಿಲನ್ನು ದಾಟಿದ ಮೊದಲನೆಯ ವಾರದಲ್ಲಿ ಏನನ್ನು ಕಲಿಯುತ್ತದೆ? ಮೇಲುನೋಟಕ್ಕೆ ಈ ಪ್ರಶ್ನೆಯು ಅಲ್ಪವಾದುದೆಂದು ತೋರಬಹುದು. ಆರು ದಿನಗಳಲ್ಲಿ ಯಾವ ಮಗುವೂ ಓದುಬಲ್ಲುದಾಗುವುದಿಲ್ಲ. ನಾಲ್ಕೈದು ಅಕ್ಷರಗಳ ಗುರುತು ಸಿಕ್ಕಿದರೂ ಅದು ಹೆಚ್ಚೇ. ಆದರೆ ಶಾಲೆಯು ತನ್ನ ಸ್ಥಳವೋ ಪರರ ಸ್ಥಳವೋ ಎಂಬುದನ್ನು ಮಗುವು ಬಹುಮಟ್ಟಿಗೆ ಈ ಅವಧಿಯಲ್ಲಿಯೇ ನಿಶ್ಚಯಿಸಿಕೊಳ್ಳುತ್ತದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಗುರುಮಠಕಲ್ ಕರ್ನಾಟಕದ ಪೂರ್ವದ ಗಡಿಗೆ ಹೊಂದಿದ ಪಟ್ಟಣ; ಗಡಿಯ ಆಚೆಗೆ ತೆಲಂಗಾಣದ ನಾರಾಯಣಪೇಟೆಯ ಸೀಮೆ. 1948ರವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆಗ ಆಡಳಿತಕ್ಕೂ ಮೇಲಣ ವಿದ್ಯೆಗೂ ಉರ್ದುವೇ ಮಾಧ್ಯಮವಾಗಿದ್ದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಆ ಭಾಷೆಯಲ್ಲಿಯೇ ಬೋಧಿಸುತ್ತಿದ್ದಿತು. 1956ರ ನವೆಂಬರ್ 1ರಂದು ಈ ಭಾಗವು ವಿಶಾಲ ಮೈಸೂರು ರಾಜ್ಯದಲ್ಲಿ ಕೂಡಿತು. ಹಿಂದಿನ ಕೊರತೆಯು ಮಾತ್ರ ಬೇಗನೆ ತೀರಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75.36 ಇದ್ದಾಗ ಯಾದಗಿರಿ ಜಿಲ್ಲೆಯದು 51.83, ಸ್ತ್ರೀಯರಲ್ಲಿ ಅದು 41.38 ಮಾತ್ರ. ರಾಜ್ಯದ ಜಿಲ್ಲೆಗಳಲ್ಲೆಲ್ಲ ಇದೇ ಕಡೆಯದು. ಈ ಅಂಕಿಗಳ ತಾತ್ಪರ್ಯವೇನೆಂದರೆ, ಇಲ್ಲಿ ಅನೇಕ ಮಕ್ಕಳಿಗೆ ತಾಯಿಯ ಮಡಿಲಲ್ಲಿ ಕುಳಿತು ಪುಸ್ತಕವನ್ನು ನೋಡಿದ ಅನುಭವವಿರುವುದಿಲ್ಲ. ಅವರಿಗೆ ಅಕ್ಷರದ ಮೊದಲ ಪರಿಚಯವಾಗುವುದು ಅಂಗನವಾಡಿಯಲ್ಲಿ, ಇಲ್ಲವೆ ಶಾಲೆಯಲ್ಲಿ.

ಇದಕ್ಕೆ ಭಾಷೆಯ ತೊಡಕೂ ಕೂಡಿಕೊಂಡಿದೆ. ಗಡಿಯ ಈ ಸೀಮೆಯಲ್ಲಿ ಕನ್ನಡದೊಡನೆ ತೆಲುಗು, ಉರ್ದು, ತಾಂಡಾಗಳ ಲಂಬಾಣಿ ಮಾತುಗಳು ಬೆರೆತಿವೆ. ತಾಯಿಯನ್ನು ಒಂದು ಮಗು ‘ಅವ್ವ’ ಎಂದರೆ ಇನ್ನೊಂದು ‘ಅಮ್ಮ’ ಎನ್ನುತ್ತದೆ, ಮತ್ತೊಂದು ‘ಯಾಡಿ’ ಎನ್ನುತ್ತದೆ. ‘ನೀರು’ ಎಂದು ಹಲಗೆಯ ಮೇಲೆ ಬರೆದರೆ, ‘ನೀಳ್ಳು’ ಎಂದೋ ‘ಪಾಣಿ’ ಎಂದೋ ಬಲ್ಲ ಮಗುವಿಗೆ ಅಲ್ಲಿ ಎರಡು ಅಪರಿಚಿತಗಳು ಎದುರಾಗುತ್ತವೆ: ಪದವೂ ಹೊಸದು, ಲಿಪಿಯೂ ಹೊಸದು. ಕನ್ನಡವೇ ಮನೆಮಾತಾದವರಿಗೂ ಪಠ್ಯದ ಕನ್ನಡವು ಓಣಿಯ ಕನ್ನಡವಲ್ಲ. ಆದುದರಿಂದ ಮೊದಲನೆಯ ವಾರದಲ್ಲಿ ಮಾತು ಮುಂದಾಗಿ ಅಕ್ಷರವು ಹಿಂದಾಗಿ ಬರತಕ್ಕದ್ದು.

ಈ ತತ್ತ್ವಕ್ಕೆ ಹೊಂದುವ ಎರಡು ವ್ಯವಸ್ಥೆಗಳು ನಮ್ಮಲ್ಲಿ ರೂಪುಗೊಂಡಿವೆ. ಮೊದಲನೆಯದು ‘ನಲಿಕಲಿ’. ಆಂಧ್ರದ ಋಷಿವ್ಯಾಲಿಯ ಪದ್ಧತಿಯಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಇದನ್ನು 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಎರಡನೆಯದು 2021ರ ಜುಲೈ ತಿಂಗಳಲ್ಲಿ ರಾಷ್ಟ್ರಮಟ್ಟದಲ್ಲಿ ಪ್ರಕಟವಾದ ‘ವಿದ್ಯಾಪ್ರವೇಶ’. ಇದು ಒಂದನೆಯ ತರಗತಿಗೆ ಬರುವ ಮಕ್ಕಳನ್ನು ಮೂರು ತಿಂಗಳ ಕಾಲ ಆಟದ ಮೂಲಕ ಸಿದ್ಧಗೊಳಿಸುವ ಕ್ರಮ.

ನಲಿಕಲಿಯ ಅಕ್ಷರಕ್ರಮವು ವಿಚಾರಾರ್ಹವಾದುದು. ವರ್ಣಮಾಲೆಯ 49 ಅಕ್ಷರಗಳನ್ನು ಅನುಕ್ರಮವಾಗಿ ಕಲಿಸುವ ಹಳೆಯ ಪದ್ಧತಿಯಲ್ಲಿ ಮಗುವು ಮೊದಲು ಸ್ವರಗಳನ್ನೆಲ್ಲ ತಿದ್ದಬೇಕು. ಆದರೆ ಸ್ವರಗಳನ್ನು ಮಾತ್ರ ಬಲ್ಲ ಮಗುವಿಗೆ ‘ಆ’, ‘ಈ’ ಎಂಬಂಥವನ್ನು ಬಿಟ್ಟರೆ ಓದತಕ್ಕ ಪದವೇ ದೊರೆಯದು. ನಲಿಕಲಿಯಲ್ಲಿ ಮೊದಲು ಬರುವವು ರ, ಗ, ಸ, ದ, ಅ ಎಂಬ ಐದು. ಇವುಗಳಿಂದ ಸರ, ರಸ, ಅರಸ, ಅಗಸ, ಗರಗಸ ಮುಂತಾದ ಪದಗಳು ಕೂಡಲೆ ಹುಟ್ಟುತ್ತವೆ. ಗುಣಿತಾಕ್ಷರಗಳ ಚಿಹ್ನೆಯೊಂದೂ ಬೇಕಿಲ್ಲ. ಬಡಿಗೇರ ಮನೆಯ ಮಗುವು ‘ಗರಗಸ’ವನ್ನು ತಾನೇ ಕೂಡಿಸಿ ಓದಿದಾಗ, ಬರೆಹವೆಂಬುದು ತನ್ನ ಮನೆಯ ವಸ್ತುವಿನ ಹೆಸರನ್ನೇ ಹೇಳುತ್ತದೆಂದು ಅದಕ್ಕೆ ಮನವರಿಕೆಯಾಗುತ್ತದೆ.

ಹೀಗಿರಲು, ಮೊದಲ ವಾರದ ಪಾಠವನ್ನು ಈ ರೀತಿಯಾಗಿ ಯೋಜಿಸಬಹುದು. ಸೋಮವಾರ ಹೆಸರಿನ ದಿನ. ಪ್ರತಿಯೊಂದು ಮಗುವನ್ನೂ ಅದರ ಹೆಸರಿನಿಂದ ಕರೆದು, ನೀರಿನ ಸ್ಥಳವನ್ನೂ ಶೌಚಾಲಯವನ್ನೂ ಊಟದ ಪಡಸಾಲೆಯನ್ನೂ ತೋರಿಸಬೇಕು. ಕೇಳಲು ಅಂಜಿ ಬಾಯಾರಿ ಕುಳಿತ ಮಗುವಿಗೆ ಯಾವ ಪಾಠವೂ ಹತ್ತದು. ಮಂಗಳವಾರ ವಸ್ತುಗಳ ದಿನ: ಎಲೆ, ಕಲ್ಲು, ಕಾಳುಗಳನ್ನು ತಂದಿಟ್ಟು, ಒಂದೊಂದನ್ನು ನಿಮ್ಮ ಮನೆಯಲ್ಲಿ ಏನೆನ್ನುತ್ತೀರೆಂದು ಕೇಳಿ, ಎಲ್ಲ ಭಾಷೆಗಳ ಹೆಸರುಗಳನ್ನೂ ಸ್ವೀಕರಿಸಿ, ಕೊನೆಗೆ ಕನ್ನಡದ ಹೆಸರನ್ನು ಹೇಳಿಕೊಡಬೇಕು. ಬುಧವಾರ ಗಣಿತಕ್ಕೆ ಮೊದಲಿನ ಕೆಲಸ: ತೊಗರಿ, ಹೆಸರು, ಜೋಳಗಳ ಕಾಳುಗಳನ್ನು ಬೆರಸಿಟ್ಟು ಬೇರ್ಪಡಿಸುವುದು, ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ಹೇಳುವುದು. ಗುರುವಾರ ಕೈಯ ದಿನ: ಕೋಣೆಯ ಗೋಡೆಯಲ್ಲಿ ಮಕ್ಕಳ ಕೈಗೆಟಕುವಂತೆ ಮಾಡಿದ ಕಪ್ಪುಹಲಗೆಯ ಮೇಲೆ ನೇರಗೆರೆ, ಡೊಂಕುಗೆರೆ, ಸುತ್ತುಗೆರೆಗಳನ್ನು ಎಳೆಯುವುದು. ‘ರ’ ಎಂಬುದು ಸುತ್ತುಗೆರೆಯ ಮಗುವೇ ಆದುದರಿಂದ ಇದು ವ್ಯರ್ಥವಾದ ಆಟವಲ್ಲ. ಶುಕ್ರವಾರ ಕಥೆಯ ದಿನ: ಕೇಳಿದ ಕಥೆಯನ್ನು ಅಭಿನಯಿಸಿ ಚಿತ್ರವಾಗಿ ಬರೆದು, ಆ ಚಿತ್ರಗಳನ್ನು ತಲೆಯ ಮೇಲಣ ಚಪ್ಪರದ ದಾರಕ್ಕೆ ತೂಗಹಾಕುವುದು. ಶನಿವಾರ ಬೆಳಗಿನ ಶಾಲೆಯಲ್ಲಿ ಹಿಂದಿನ ಐದು ದಿನಗಳ ಹಾಡು ಆಟಗಳನ್ನು ಮಕ್ಕಳೇ ಆಯ್ದು ಮತ್ತೆ ನಡೆಸುವುದು.

ಒಂದು ವಾರ ಕಳೆದರೂ ಪಾಟಿಯ ಮೇಲೆ ಒಂದಕ್ಷರವಿಲ್ಲವೆಂದು ತಂದೆತಾಯಿಗಳು ಆಕ್ಷೇಪಿಸಬಹುದು. ತಾವು ಪಡೆಯದ ವಿದ್ಯೆಯನ್ನು ಮಗುವು ಬೇಗನೆ ಪಡೆಯಲೆಂಬ ಅವರ ಆತುರವು ಗೌರವಾರ್ಹವಾದುದೇ. ಅವರಿಗೆ ಹೇಳಬೇಕಾದ ಸಮಾಧಾನವು ಲಿಪಿಯಲ್ಲಿಯೇ ಇದೆ. 34 ವ್ಯಂಜನಗಳ ಕಾಗುಣಿತವನ್ನು ಸಾಲಿಗೆ ಹದಿನೈದರಂತೆ ಎಣಿಸಿದರೆ 510 ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಜ್ಞಾನವು ಕೈಗೂಡಲು ಮೊದಲನೆಯ ತರಗತಿಯು ಸಾಲದೆಂದೂ ಮುಂದಿನ ವರ್ಷಗಳಲ್ಲಿಯೂ ಅದು ಬೆಳೆಯುತ್ತಿರುವುದೆಂದೂ ತೋರಿಸಿತು. ವರ್ಷಗಳ ಪಯಣದಲ್ಲಿ ಆರು ದಿನಗಳ ಸಿದ್ಧತೆಯು ವಿಳಂಬವೆನಿಸದು.

ನಲಿಕಲಿಯಲ್ಲಿ ಮಕ್ಕಳು ಐದು ಗುಂಪುಗಳಾಗಿ ಕುಳಿತು, ಕೆಲವರು ಶಿಕ್ಷಕರಿಂದ, ಕೆಲವರು ಗೆಳೆಯರಿಂದ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಗೆಳೆಯರಿಂದ ಕಲಿಯುವುದು ಈ ದೇಶಕ್ಕೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಡ್ರೂ ಬೆಲ್ ಎಂಬಾತನು ಮದರಾಸಿನ ಜಗಲಿಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಅನುಸರಿಸಿ, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಕಲಿಸಿ, 1797ರಲ್ಲಿ ಆ ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಗುರುಮಠಕಲ್ಲಿನ ಮಗುವಿಗೆ ಇದರಿಂದ ವಿಶೇಷ ಪ್ರಯೋಜನವುಂಟು: ಉಪಾಧ್ಯಾಯರಿಗೆ ಬಾರದ ಲಂಬಾಣಿಯು ಪಕ್ಕದ ಮಗುವಿಗೆ ಬಂದೀತು.

ಇನ್ನು ಗುಳೆಯ ಮಾತು. ಈ ಸೀಮೆಯ ಕುಟುಂಬಗಳು ಕೂಲಿಗಾಗಿ ಹೈದರಾಬಾದು, ಬೆಂಗಳೂರು ಮೊದಲಾದ ನಗರಗಳಿಗೆ ಹೋಗುವುದುಂಟು. ಮಕ್ಕಳೂ ಜೊತೆಗೆ ಹೋಗುವರು. ತಡವಾಗಿ ಬಂದ ಮಗುವನ್ನು ನಡುವಿನ ಪಾಠದಲ್ಲಿ ಕುಳ್ಳಿರಿಸಿದರೆ ಅದು ಮರುದಿನ ಬಾರದು. ಕಲಿಕೆಯ ಏಣಿಯಲ್ಲಾದರೋ ಪ್ರತಿಯೊಂದು ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದುವರಿಯಬಹುದು. ಆದುದರಿಂದ ‘ಮೊದಲನೆಯ ವಾರ’ವೆಂದರೆ ಜೂನ್ ತಿಂಗಳ ಒಂದು ವಾರವೆಂದು ತಿಳಿಯಬಾರದು, ಮಗುವು ಎಂದು ಬಂದೀತೋ ಅಂದಿನಿಂದ ಅದರ ಮೊದಲನೆಯ ವಾರ.

ಅವಿಭಜಿತ ಕಲಬುರಗಿಯೂ ಸೇರಿದಂತೆ ಈಶಾನ್ಯ ಜಿಲ್ಲೆಗಳಲ್ಲಿ 2002ರ ಜೂನ್ ತಿಂಗಳಲ್ಲಿ ಆರಂಭವಾದ ಬಿಸಿಯೂಟವು ಹಸಿದ ಮಕ್ಕಳನ್ನು ಶಾಲೆಯ ಬಾಗಿಲಿಗೆ ತಂದಿತು. ಬಂದವರನ್ನು ನಿಲ್ಲಿಸಿಕೊಳ್ಳುವುದು ಉಪಾಧ್ಯಾಯರ ಮಾತಿನಿಂದ ಆಗತಕ್ಕ ಕಾರ್ಯ. ಶನಿವಾರ ಮನೆಗೆ ಹೋದ ಮಗುವು ಸೋಮವಾರ ತಾನಾಗಿಯೇ ಮರಳಿ ಬಂದರೆ, ಒಂದಕ್ಷರವನ್ನು ಬರೆಯದಿದ್ದರೂ ಆ ವಾರದ ಪಾಠವು ಪೂರ್ಣವಾಯಿತೆಂದು ತಿಳಿಯಬೇಕು.