ನಡುವಿನ ಆಟಗಾರ

ಅಕ್ಕಂದಿರೇ, ಫುಟ್‌ಬಾಲ್ ಕಾಲಿನಿಂದ ಚೆಂಡು ಒದೆಯುವ ಆಟ. ತಂಡದಲ್ಲಿ 11 ಜನ. ಮುಂದಿನವರು ಗೋಲು ಹೊಡೆಯುತ್ತಾರೆ. ಹಿಂದಿನವರು ತಡೆಯುತ್ತಾರೆ. ನಡುವಿನವರು ಇಬ್ಬರಿಗೂ ನೆರವಾಗುತ್ತಾರೆ. ಚೆಂಡು ಕಸಿದು ಮುಂದಿನವರಿಗೆ ಕೊಡುತ್ತಾರೆ. ಓಡಾಟ ಬಹಳ, ಹೆಸರು ಕಡಿಮೆ. ಮನೆಯಲ್ಲಿ ನಿಮ್ಮ ಕೆಲಸದ ಹಾಗೆ ನೋಡ್ರಿ.

ಕಾರ್ಲ್ಟನ್ ಚಾಪ್‌ಮನ್ ಇಂಥ ಆಟಗಾರ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಜೆಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಆಟ ಕಲಿತರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಸೇರಿದರು. ಆಟವೇ ದುಡಿಮೆ ಆಯಿತು. ಭಾರತ ತಂಡದ ನಾಯಕರೂ ಆದರು. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ವರ್ಷ ಆಟ ಬಿಟ್ಟರು. ಆಗ ವಯಸ್ಸು 30.

ಕಾಲಿನ ಬಲ ಇರುವ ತನಕ ಆಟಗಾರನ ದುಡಿಮೆ. ಮುಂದೇನು? ಕಲಿತ ವಿದ್ಯೆ ಕೈಬಿಡಲಿಲ್ಲ. ಚಾಪ್‌ಮನ್ ಬೇರೆಯವರಿಗೆ ಆಟ ಕಲಿಸಿದರು. 2020ರಲ್ಲಿ ತೀರಿಕೊಂಡರು.

ನಿಮ್ಮ ಮಗಳು ಚೆಂಡು ಹಿಡಿದರೆ ತಡೆಯಬೇಡಿ. ಆಟವೂ ಕಲಿಯಲಿ, ಓದೂ ಕಲಿಯಲಿ.